ಹಲಗೆಯ ಚಿತ್ರದಲ್ಲಿ ಇಲ್ಲದ ಸೀಲು

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ವಿಜ್ಞಾನ ಶಿಕ್ಷಕರೊಬ್ಬರು ಮಾಡಿದ ಭಾಷಣದ ಬರಹರೂಪ)

 

ಈ ತಿಂಗಳು ಕಾಯಕದ ಬಗ್ಗೆ ಮಾತಾಡಬೇಕೆಂದು ಹೇಳಿದ್ದಾರೆ. ಇದೇ ವೇದಿಕೆಯಲ್ಲಿ ನಾನು ಈ ವಿಷಯದ ಮೇಲೆ ಹಿಂದೆ ಎರಡು ಸಲ ಮಾತಾಡಿದ್ದೇನೆ. ನುಲಿಯ ಚಂದಯ್ಯನವರು ಹಗ್ಗ ಹೊಸೆದದ್ದು, ಮೇದಾರ ಕೇತಯ್ಯನವರು ಬುಟ್ಟಿ ಹೆಣೆದದ್ದು ಎಲ್ಲ ಹೇಳಿ, ನಿಮ್ಮ ಚಪ್ಪಾಳೆ ತೆಗೆದುಕೊಂಡು, ಪ್ರಸಾದ ಮಾಡಿ ಮನೆಗೆ ಹೋಗಿದ್ದೇನೆ. ಇಂದು ಅದನ್ನು ಹೇಳುವುದಿಲ್ಲ. ಒಂದು ಮೋಟರ್‌ಸೈಕಲ್ಲಿನ ವಿಷಯ ಹೇಳುತ್ತೇನೆ. ಕೊನೆಗೆ ನಿಮ್ಮ ಮುಂದೆ ಒಪ್ಪಿಕೊಳ್ಳಬೇಕಾದ ಒಂದು ತಪ್ಪೂ ಇದೆ.

ನಮ್ಮ ತಂದೆಯವರು ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದರು. 1984ರಲ್ಲಿ ಒಂದು ಯೆಜ್ಡಿ ರೋಡ್‌ಕಿಂಗ್ ಕೊಂಡರು. ಇಲ್ಲಿ ಕುಳಿತ ಹಿರಿಯರಿಗೆ ಆ ಗಾಡಿ ಗೊತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಜೆಕೊಸ್ಲೊವಾಕಿಯಾದ ಜಾವಾ ಗಾಡಿಯನ್ನು ನಮ್ಮ ನಾಡಿನಲ್ಲೇ ತಯಾರಿಸಲು ಆರಂಭಿಸಿತು. ಮುಂದೆ ಅದಕ್ಕೆ ಯೆಜ್ಡಿ ಎಂದು ಹೆಸರಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಒಂದೇ ಲಿವರು, ಮೇಲಕ್ಕೆ ತಿರುಗಿಸಿದರೆ ಕಿಕ್, ಮುಂದಕ್ಕೆ ಮಲಗಿಸಿದರೆ ಗೇರ್. ಎರಡು ಕಡೆ ಎರಡು ಸೈಲೆನ್ಸರ್. ನಮ್ಮ ಅಪ್ಪನ ಗಾಡಿ ಊರ ಅಗಸಿ ದಾಟುವಾಗಲೇ ಸಪ್ಪಳ ಕೇಳಿ ನಮ್ಮವ್ವ ಒಲೆಗೆ ಎಸರು ಇಡುತ್ತಿದ್ದಳು.

ಅಪ್ಪ ತೀರಿಕೊಂಡ ಮೇಲೆ ಗಾಡಿ ದನದ ಕೊಟ್ಟಿಗೆ ಸೇರಿತು. ಹದಿನಾಲ್ಕು ವರ್ಷ ಅಲ್ಲೇ ನಿಂತಿತು. ನಾನು ನಿವೃತ್ತನಾದ ಮರುವರ್ಷ ಅದನ್ನು ಹೊರಗೆ ಎಳೆದೆ. ಪಿಸ್ಟನ್ ಹಿಡಿದುಕೊಂಡಿತ್ತು, ಕಿಕ್ ಅಲುಗಲಿಲ್ಲ. ಗುಜರಿಗೆ ಕೊಡು ಎಂದರು. ನನಗೆ ಮನಸ್ಸಾಗಲಿಲ್ಲ. ನಾನೇ ಮನೆಯಲ್ಲಿ ಎಂಜಿನ್ ಬಿಚ್ಚಿ ಕಟ್ಟುತ್ತೇನೆ ಎಂದೆ.

ಇಷ್ಟು ಧೈರ್ಯ ಎಲ್ಲಿಂದ ಬಂತು ಅಂದರೆ, ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು. ಟೂ ಸ್ಟ್ರೋಕ್ ಎಂಜಿನ್ನಿನ ಚಿತ್ರವನ್ನು ಕಣ್ಣು ಮುಚ್ಚಿ ಹಲಗೆಯ ಮೇಲೆ ಬರೆಯಬಲ್ಲೆ. ಇಲ್ಲಿ ನನ್ನ ವಿದ್ಯಾರ್ಥಿಗಳೂ ಇದ್ದಾರೆ, ನಗುತ್ತಿದ್ದಾರೆ. ಪಿಸ್ಟನ್ ಮೇಲೆ ಹೋಗುವಾಗ ಅದರ ಕೆಳಗಿನ ಕೋಣೆಗೆ, ಅಂದರೆ ಕ್ರ್ಯಾಂಕ್‌ಕೇಸಿಗೆ, ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಎಳೆದುಕೊಳ್ಳುತ್ತದೆ. ಪಿಸ್ಟನ್ ಕೆಳಗೆ ಬಂದಾಗ ಆ ಮಿಶ್ರಣ ಒತ್ತಡಕ್ಕೆ ಸಿಕ್ಕಿ, ಪಕ್ಕದ ದಾರಿಯಿಂದ ಮೇಲಿನ ಕೋಣೆಗೆ ಹೋಗುತ್ತದೆ. ಕವಾಟ ಇಲ್ಲ, ಪಿಸ್ಟನ್ನೇ ಬಾಗಿಲು ತೆರೆದು ಮುಚ್ಚುತ್ತದೆ. ಪಿಸ್ಟನ್ನಿಗೆ, ಬೇರಿಂಗಿಗೆ ಬೇಕಾದ ಆಯಿಲ್ ಕೂಡ ಪೆಟ್ರೋಲಿನಲ್ಲಿ ಬೆರೆತೇ ಬರಬೇಕು. ಇದೆಲ್ಲ ನನಗೆ ಬಾಯಿಪಾಠ. ಆದರೆ ಮೂವತ್ತು ವರ್ಷದಲ್ಲಿ ಒಂದು ನಟ್ಟು ಬಿಚ್ಚಿರಲಿಲ್ಲ.

ಪ್ಲಗ್ಗಿನ ತೂತಿನಿಂದ ಡೀಸೆಲ್ ಸುರಿದು ಎಂಟು ದಿನ ಬಿಟ್ಟೆ. ಆಮೇಲೆ ಸಿಲಿಂಡರ್ ಕಳಚಿ, ಮರದ ತುಂಡಿಟ್ಟು ಮೆಲ್ಲಗೆ ತಟ್ಟಿದೆ, ಪಿಸ್ಟನ್ ಬಿಟ್ಟಿತು. ಬಿಚ್ಚಿದ ಪ್ರತಿ ನಟ್ಟು, ವಾಷರ್ರನ್ನು ಬೇರೆ ಬೇರೆ ಹಾಲಿನ ಪಾಕೀಟಿಗೆ ಹಾಕಿ ಚೀಟಿ ಬರೆದಿಟ್ಟೆ. ಕ್ಲಚ್ ಬಿಚ್ಚುವಾಗ ಅದು ತಿರುಗದಂತೆ ಹಿಡಿಯಲು ಒಂದು ಹತ್ಯಾರ ಬೇಕು. ನಮ್ಮ ಓಣಿಯ ಗ್ಯಾರೇಜಿನ ಹುಡುಗ ಹಳೆ ಕ್ಲಚ್ ಪ್ಲೇಟಿಗೆ ಕಬ್ಬಿಣದ ಪಟ್ಟಿ ವೆಲ್ಡ್ ಮಾಡಿ ತಾನೇ ಒಂದು ಮಾಡಿಕೊಂಡಿದ್ದ, ಅದನ್ನು ಕೊಟ್ಟ. ಹೊಸ ಬೇರಿಂಗ್ ಕೂಡಿಸಲು ಕ್ರ್ಯಾಂಕ್‌ಕೇಸನ್ನು ಬಿಸಿ ಮಾಡಬೇಕು, ಅಲ್ಯೂಮಿನಿಯಂ ಹಿಗ್ಗಿ ಬೇರಿಂಗ್ ಸಲೀಸಾಗಿ ಕೂಡುತ್ತದೆ. ಅದಕ್ಕೆ ನಾನು ಹೂರಣ ಕುದಿಸುವ ಪಾತೇಲಿ ತೆಗೆದುಕೊಂಡೆ. ಆ ಬಗ್ಗೆ ನಮ್ಮ ಮನೆಯವರು ಏನೆಂದರು ಎಂಬುದನ್ನು ಪೂಜ್ಯರ ಮುಂದೆ ಹೇಳಲಾರೆ.

ಮನೆಯಲ್ಲಿ ಆಗದ ಕೆಲಸ ಎರಡಿದ್ದವು. ಸವೆದ ಸಿಲಿಂಡರಿಗೆ ಬೋರ್ ಹಾಕಿಸುವುದು ಒಂದು. ಕ್ರ್ಯಾಂಕಿಗೆ ಹೊಸ ಕನೆಕ್ಟಿಂಗ್ ರಾಡ್ ಹಾಕಿ, ಪ್ರೆಸ್ಸಿನಲ್ಲಿ ಕೂಡಿಸಿ, ಓರೆ ತೆಗೆಸುವುದು ಇನ್ನೊಂದು. ಎರಡಕ್ಕೂ ಬಸ್ ನಿಲ್ದಾಣದ ಹಿಂದಿನ ಲೇತ್ ಅಂಗಡಿಗೆ ಹೋದೆ. ಅಂಗಡಿಯವರಿಗೆ ಅರವತ್ತರ ಮೇಲಾಗಿದೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವರು. "ಸಿಲಿಂಡರ್ ಇಟ್ಟು ಹೋಗತೀನಿ, ಬೋರ್ ಹಾಕಿ ಇಡ್ರಿ" ಎಂದೆ. "ಮೊದಲ ಪಿಸ್ಟನ್ ತರ್ರಿ ಮಾಸ್ತರ. ಪಿಸ್ಟನ್ ಅಳದು ಆಮ್ಯಾಲೆ ಬೋರ್ ಹಿಡೀತೀನಿ. ಡಬ್ಬಿ ಮ್ಯಾಲೆ ಬರದದ್ದನ್ನ ನಂಬಿ ನಾ ಬೋರ್ ಹಾಕಂಗಿಲ್ಲ" ಎಂದರು. ಪಿಸ್ಟನ್ನಿಗೂ ಸಿಲಿಂಡರಿಗೂ ನಡುವೆ ಬಿಡಬೇಕಾದ ಜಾಗ ಮಿಲಿಮೀಟರಿನ ನೂರು ಭಾಗದಲ್ಲಿ ಕೆಲವೇ ಭಾಗ. ಕಡಿಮೆಯಾದರೆ ಹಿಡಿಯುತ್ತದೆ, ಹೆಚ್ಚಾದರೆ ಬಡಿಯುತ್ತದೆ. ಆ ದಿನ ಅವರು ನಿಂತೇ ಮಾತಾಡಿದರು, ನಾನು ಅವರ ಅಂಗಡಿಯ ಒಂದೇ ಕುರ್ಚಿಯಲ್ಲಿ ಕುಳಿತಿದ್ದೆ. ಆಗ ಅದು ನನ್ನ ಗಮನಕ್ಕೆ ಬರಲಿಲ್ಲ.

ಕ್ರ್ಯಾಂಕ್ ವಾಪಸ್ ಕೊಡುವಾಗ ಅವರು ಇನ್ನೊಂದು ಮಾತು ಹೇಳಿದರು. "ಆಯಿಲ್ ಸೀಲ್ ಎರಡೂ ಕಡೆ ಹೊಸಾವು ಹಾಕ್ರಿ ಮಾಸ್ತರ, ಒಂದ ಹಾಕಿ ಬಿಡಬ್ಯಾಡ್ರಿ." ಹೂಂ ಎಂದೆ. ಸ್ಪೇರ್ ಅಂಗಡಿಯಲ್ಲಿ ಕ್ಲಚ್ ಕಡೆಯ ಸೀಲು ಸಿಕ್ಕಿತು. ಡೈನಮೋ ಕಡೆಯದು ಇರಲಿಲ್ಲ, ಬರಲು ಹದಿನೈದು ದಿನ ಬೇಕೆಂದರು. ಹಳೆಯದನ್ನು ಒರೆಸಿ ನೋಡಿದೆ. ಹರಿದಿರಲಿಲ್ಲ, ಚೆನ್ನಾಗಿಯೇ ಕಂಡಿತು. ಅದನ್ನೇ ಕೂಡಿಸಿದೆ.

ಮಿಕ್ಕ ಕೆಲಸವನ್ನೆಲ್ಲ ಶ್ರದ್ಧೆಯಿಂದ ಮಾಡಿದೆ. ಪಿಸ್ಟನ್ನಿನ ಗಾಡಿಯಲ್ಲಿ ಸಣ್ಣ ಮೊಳೆಗಳಿರುತ್ತವೆ, ರಿಂಗಿನ ತುದಿಗಳು ಅಲ್ಲಿಗೇ ಕೂಡಬೇಕು. ಇಲ್ಲದಿದ್ದರೆ ರಿಂಗು ತಿರುಗಿ, ತುದಿ ಸಿಲಿಂಡರಿನ ಕಿಂಡಿಗೆ ಸಿಕ್ಕಿ ಮುರಿಯುತ್ತದೆ. ಅದನ್ನು ಮೂರು ಸಲ ನೋಡಿದೆ. ಪಾಯಿಂಟ್ ಗ್ಯಾಪು ಅಳೆದೆ. ಪೆಟ್ರೋಲಿಗೆ ಆಯಿಲ್ ಅಳತೆಯಿಂದ ಬೆರೆಸಿದೆ. ಬಸವ ಜಯಂತಿಯ ಮುನ್ನಾದಿನ ಏಳನೆಯ ಕಿಕ್ಕಿಗೆ ಎಂಜಿನ್ ಹೊತ್ತಿತು. ನಮ್ಮವ್ವ ಪಡಸಾಲೆಯಿಂದ ಎದ್ದು ಬಂದು ಬಾಗಿಲಲ್ಲಿ ನಿಂತಳು. ಏನೂ ಮಾತಾಡಲಿಲ್ಲ.

ಒಂದು ಸಣ್ಣ ಕುಂದು ಇತ್ತು. ಎಕ್ಸಿಲೇಟರ್ ಬಿಟ್ಟರೂ ಎಂಜಿನ್ನಿನ ಓಟ ತಟ್ಟನೆ ಇಳಿಯುತ್ತಿರಲಿಲ್ಲ, ತುಸು ಹೊತ್ತು ಹಾಗೆಯೇ ಕೂಗುತ್ತಿತ್ತು. ಹೊಸ ಎಂಜಿನ್, ಸರಿಹೋಗುತ್ತದೆ ಎಂದುಕೊಂಡೆ. ಮೂರನೆಯ ದಿನ ಲಕ್ಷ್ಮೇಶ್ವರ ರಸ್ತೆಯಲ್ಲಿ ಹೋಗುವಾಗ ಎಂಜಿನ್ ಕಿರ್ರೆಂದು ಹಿಡಿದುಕೊಂಡಿತು. ಹಿಂದಿನ ಗಾಲಿ ಜಾರಿತು. ಕ್ಲಚ್ ಒತ್ತಿದ್ದರಿಂದ ಬೀಳದೆ ಉಳಿದೆ. ಗಾಡಿಯನ್ನು ಟಂಟಂನಲ್ಲಿ ಹೇರಿಕೊಂಡು ಮನೆಗೆ ಬಂದೆ.

ಶರಣ ಬಂಧುಗಳೇ, ಎಂಜಿನ್ ಬಿಚ್ಚುವ ಮೊದಲೇ ನಾನು ತೀರ್ಪು ಕೊಟ್ಟೆ. "ಬೋರ್ ಬಿಗಿ ಹಿಡಿದಿದ್ದಾನೆ, ಕೆಲಸ ಕೆಡಿಸಿದ" ಎಂದೆ. ಮನೆಯಲ್ಲಿ ಹೇಳಿದೆ, ಓಣಿಯಲ್ಲಿ ಹೇಳಿದೆ. ಆಮೇಲೆ ಇದೇ ಮಠದಲ್ಲಿ, ಪ್ರಸಾದದ ಪಂಕ್ತಿಯಲ್ಲಿ ಕುಳಿತು, ಅಕ್ಕಪಕ್ಕದವರಿಗೂ ಹೇಳಿದೆ. ಕೇಳಿದವರಲ್ಲಿ ಒಬ್ಬರು ತಮ್ಮ ನೀರೆತ್ತುವ ಪಂಪನ್ನು ಅವರ ಅಂಗಡಿಗೆ ಕೊಡುವುದನ್ನು ಬಿಟ್ಟು ಬೇರೆ ಊರಿಗೆ ಒಯ್ದರು. ಮಾಸ್ತರ ಮಾತೆಂದರೆ ನಮ್ಮ ಊರಲ್ಲಿ ಇನ್ನೂ ತೂಕ ಇದೆ. ಆ ತೂಕವನ್ನು ನಾನು ಹೀಗೆ ಬಳಸಿದೆ.

ಮೂರು ವಾರದ ಮೇಲೆ ಸಿಲಿಂಡರ್, ಪಿಸ್ಟನ್ ಎರಡನ್ನೂ ಬುಟ್ಟಿಯಲ್ಲಿಟ್ಟುಕೊಂಡು ಜಗಳಕ್ಕೆಂದೇ ಅಂಗಡಿಗೆ ಹೋದೆ. ಅವರು ಕೈ ಒರೆಸಿಕೊಂಡು ಪಿಸ್ಟನ್ ತೆಗೆದುಕೊಂಡರು. ಬೆಳಕಿಗೆ ಹಿಡಿದು ಸುತ್ತ ತಿರುಗಿಸಿದರು, ಉಗುರಿನಿಂದ ಗೀರನ್ನು ಸವರಿದರು. ಕೇಳಿದ್ದು ಎರಡೇ ಪ್ರಶ್ನೆ.

"ಪ್ಲಗ್ ಯಾವ ಬಣ್ಣ ಇತ್ರೀ?"

"ಬೆಳ್ಳಗ."

"ಎಕ್ಸಿಲೇಟರ್ ಬಿಟ್ಟ ಮ್ಯಾಲೆ ಎಂಜಿನ್ ಇಳೀಲಿಕ್ಕೆ ತಡಾ ಮಾಡತಿತ್ತೇನ್ರೀ?"

"ಹೌದು."

ಆಮೇಲೆ ಅವರು ನನಗೆ ಪಾಠ ಮಾಡಿದರು. ಬೋರ್ ಬಿಗಿಯಾಗಿದ್ದರೆ ಪಿಸ್ಟನ್ನಿನ ಸುತ್ತ ನಾಲ್ಕೂ ಕಡೆ ಗೀರು ಬೀಳಬೇಕು. ಇಲ್ಲಿ ಹೊಗೆ ಹೋಗುವ ಕಡೆಗೆ ಮಾತ್ರ ಬಿದ್ದಿದೆ, ಅಂದರೆ ಕಾವು ಮಿತಿಮೀರಿದೆ. ಪ್ಲಗ್ಗು ಬಿಳಿಯಾಗಿದೆ, ಅಂದರೆ ಪೆಟ್ರೋಲು ಕಡಿಮೆಯಾಗಿ ಗಾಳಿ ಹೆಚ್ಚಾಗಿದೆ. ಪೆಟ್ರೋಲು ಕಡಿಮೆಯಾದರೆ ಅದರೊಳಗಿನ ಆಯಿಲ್ಲೂ ಕಡಿಮೆ. "ಎಲ್ಲೋ ಗಾಳಿ ಎಳದೈತ್ರಿ. ಡೈನಮೋ ಕಡೆ ಸೀಲ್ ಹೊಸಾದು ಹಾಕಿದ್ರೇನು?"

ನಾನು ಉತ್ತರ ಕೊಡಲಿಲ್ಲ. ಮನೆಗೆ ಬಂದು ಆ ಸೀಲು ತೆಗೆದೆ. ರಬ್ಬರು ಬಳೆಯಂತೆ ಗಟ್ಟಿಯಾಗಿತ್ತು. ತುಟಿ ಸವೆದು, ಬೆರಳಿಟ್ಟರೆ ಮೆತ್ತಗೆ ಅಪ್ಪಿಕೊಳ್ಳುತ್ತಿರಲಿಲ್ಲ. ಕ್ಲಚ್ ಕಡೆಯ ಸೀಲು ಹೋಗಿದ್ದರೆ ಗೇರ್ ಆಯಿಲ್ ಎಳೆದು ಬಿಳಿ ಹೊಗೆ ಬಂದು ಊರಿಗೆಲ್ಲ ಗೊತ್ತಾಗುತ್ತಿತ್ತು. ಡೈನಮೋ ಕಡೆಯದು ಸದ್ದಿಲ್ಲದೆ ಗಾಳಿ ಎಳೆಯುತ್ತದೆ, ಹೊರಗೆ ಏನೂ ಕಾಣುವುದಿಲ್ಲ.

ಅಂದು ರಾತ್ರಿ ನನ್ನ ಹಳೆಯ ಪಾಠದ ಟಿಪ್ಪಣಿ ತೆಗೆದು ಟೂ ಸ್ಟ್ರೋಕ್ ಚಿತ್ರ ನೋಡಿದೆ. ಪಿಸ್ಟನ್ ಇತ್ತು, ಕಿಂಡಿಗಳಿದ್ದವು, ಕ್ರ್ಯಾಂಕ್‌ಕೇಸ್ ಇತ್ತು, ಬಾಣದ ಗುರುತುಗಳಿದ್ದವು. ಕ್ರ್ಯಾಂಕಿನ ದಂಡ ಹೊರಗೆ ಬರುವಲ್ಲಿ ಸೀಲು ಇರಲೇ ಇಲ್ಲ. "ಕ್ರ್ಯಾಂಕ್‌ಕೇಸ್ ಗಾಳಿಯಾಡದಂತಿರಬೇಕು" ಎಂದು ಪ್ರತಿ ವರ್ಷ ಬರೆಸಿದ್ದೇನೆ. ಯಾವುದರಿಂದ ಗಾಳಿಯಾಡದಂತಿರುತ್ತದೆ ಎಂದು ಒಬ್ಬ ಹುಡುಗನೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ನಾಲ್ಕನೇ ಇಯತ್ತೆ ಕಲಿತವರು ನನಗೆ ಅದನ್ನು ಮೊದಲೇ ಹೇಳಿದ್ದರು. ಹೇಳಿದ್ದು ಕಿವಿಗೆ ಬಿದ್ದಿತ್ತು, ಆದರೆ ಎಣ್ಣೆಗೈಯವರ ಮಾತೆಂದು ಅದಕ್ಕೆ ಬೆಲೆ ಕೊಡಲಿಲ್ಲ. ವೇದಿಕೆ ಮೇಲೆ ಕಾಯಕವನ್ನು ಹೊಗಳುತ್ತಿದ್ದವನು ನಾನೇ.

ಮರುದಿನ ಹೋಗಿ, "ಅಣ್ಣಾ, ತಪ್ಪು ನಂದು. ಸೀಲ್ ಹಾಕಿರಲಿಲ್ಲ" ಎಂದೆ. ಅವರು ಸಿಟ್ಟಾಗಲಿಲ್ಲ. ಲೇತ್ ಬಂದ್ ಮಾಡಿ ಹೇಳಿದರು: "ಸಿಲಿಂಡರ್ ಚಿಂತಿ ಇಲ್ರಿ. ಮುಂದಿನ ಸೈಜಿನ ಪಿಸ್ಟನ್ ತರ್ರಿ, ಇನ್ನೊಮ್ಮೆ ಬೋರ್ ಹಾಕಿ ಕೊಡತೀನಿ. ಆದ್ರ ಮಂದೀಗೆ ಹೇಳೀರಲ್ಲ ಮಾಸ್ತರ, ಅದನ್ನ ಹೆಂಗ ಹೊಳ್ಳಿ ತರತೀರಿ?"

ಪಂಪು ಒಯ್ದವರ ಮನೆಗೆ ಹೋಗಿ ಹೇಳಿದೆ. ಓಣಿಯಲ್ಲಿ ಹೇಳಿದೆ. ಆದರೆ ಪಂಕ್ತಿಯಲ್ಲಿ ಆಡಿದ ಮಾತು ಎಲ್ಲೆಲ್ಲಿ ಹೋಗಿದೆಯೋ ನನಗೆ ತಿಳಿಯದು. ಅದಕ್ಕೇ ಪೂಜ್ಯರ ಅಪ್ಪಣೆ ಕೇಳಿ, ಇಂದಿನ ಭಾಷಣವನ್ನು ಇದಕ್ಕೆ ಬಳಸಿಕೊಂಡಿದ್ದೇನೆ. ಬಸ್ ನಿಲ್ದಾಣದ ಹಿಂದಿನ ಲೇತ್ ಅಂಗಡಿಯವರು ನನ್ನ ಎಂಜಿನ್ ಕೆಡಿಸಲಿಲ್ಲ. ಅವರ ಕೆಲಸದಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಕೆಡಿಸಿದವನು ನಾನು. ನನ್ನ ಮೊದಲಿನ ಮಾತನ್ನು ಯಾರಿಗೆ ದಾಟಿಸಿದ್ದೀರೋ, ದಯವಿಟ್ಟು ಅವರಿಗೆ ಇದನ್ನೂ ದಾಟಿಸಿರಿ. ಇಂದು ಅವರನ್ನೂ ಇಲ್ಲಿಗೆ ಕರೆದಿದ್ದೆ. "ಕೆಲಸ ಒಪ್ಪಿಕೊಂಡೀನ್ರಿ, ಸಂಜಿಗೆ ಕೊಡಬೇಕು" ಎಂದು ಬರಲಿಲ್ಲ.

ಕಾಯಕದ ಬಗ್ಗೆ ನನಗೆ ತಿಳಿದದ್ದು ಇಷ್ಟೇ. ಕೈಗೆ ಮಸಿ ಮಾಡಿಕೊಂಡು ಆರು ತಿಂಗಳು ಕುಳಿತದ್ದರಿಂದ ನಾನು ಕಾಯಕಜೀವಿ ಆಗಲಿಲ್ಲ. ಹದಿನೈದು ದಿನ ಕಾಯಲಾರದೆ ಹಳೆ ಸೀಲು ಕೂಡಿಸಿದೆ, ಯಾಕೆಂದರೆ ಮುಚ್ಚಳ ಹಾಕಿದ ಮೇಲೆ ಅದು ಯಾರಿಗೂ ಕಾಣುವುದಿಲ್ಲ. ಅವರು ಸಿಲಿಂಡರಿನ ಒಳಗೆ, ಯಾರಿಗೂ ಕಾಣದ ಕಡೆ, ನೂರರಲ್ಲೊಂದು ಭಾಗಕ್ಕೆ ಲೆಕ್ಕ ಇಟ್ಟರು. ಕೆಲಸ ಕೆಟ್ಟಾಗ ನಾವು ಮೊದಲು ಕೈ ತೋರಿಸುವುದು ನಮಗಿಂತ ಕಡಿಮೆ ಓದಿದವರ ಕಡೆ. ಪ್ಲಂಬರ್ ಇರಲಿ, ಗೌಂಡಿ ಇರಲಿ, ಹೊಲದಾಳು ಇರಲಿ. ಇನ್ನು ಮುಂದೆ ಕೈ ತೋರಿಸುವ ಮೊದಲು ಒಮ್ಮೆ ಎಂಜಿನ್ ಬಿಚ್ಚಿ ನೋಡೋಣ.

ಗಾಡಿ ಈಗ ಓಡುತ್ತಿದೆ. ಎರಡೂ ಸೀಲು ಹೊಸವು, ಪ್ಲಗ್ಗು ಕಂದು ಬಣ್ಣಕ್ಕೆ ಬಂದಿದೆ. ಹೊಗೆ ಬರುವ ಗಾಡಿ, ದಿನಾ ಓಡಿಸುವುದಿಲ್ಲ. ಅಮಾವಾಸ್ಯೆಗೊಮ್ಮೆ ಮಠಕ್ಕೆ ಅದರ ಮೇಲೆಯೇ ಬರುತ್ತೇನೆ. ದಾರಿಯಲ್ಲಿ ಲೇತ್ ಅಂಗಡಿಯ ಮುಂದೆ ನಿಲ್ಲಿಸುತ್ತೇನೆ. ಅವರು ಕೆಲಸ ಬಿಟ್ಟು ಬಂದು ಎಂಜಿನ್ನಿನ ಸಪ್ಪಳ ತುಸು ಹೊತ್ತು ಕೇಳುತ್ತಾರೆ. ಚಹಾ ಬರುತ್ತದೆ. ಆ ಅಂಗಡಿಯಲ್ಲಿ ಈಗಲೂ ಕುರ್ಚಿ ಒಂದೇ. ಅದರಲ್ಲಿ ಅವರು ಕುಳಿತ ಮೇಲೆಯೇ ನಾನು ಲೋಟ ಎತ್ತುತ್ತೇನೆ.