ಮೇವಿನ ಬಣವಿಯೂ ಒಂದು ಠೇವಣಿ
(ರಜತ ಮಹೋತ್ಸವದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾವು ಭಾಷಣಕಾರರಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ರಂಟಿ-ಕೂರಿಗಿ ಹಿಡಿದವರು. ಹಿರಿಯರು ನಾಕು ಮಾತಾಡಿರೆಂದು ಅಪ್ಪಣೆ ಮಾಡಿದ್ದಾರೆ. ದನಕರಗಳ ಮೇವಿನ ಮಾತಾಡುತ್ತೇವೆ.

ಭರತ ಹುಣ್ಣಿಮೆಗೆ ನಮ್ಮ ಹೂಲಿಯಿಂದ ಎಲ್ಲಮ್ಮನ ಗುಡ್ಡಕ್ಕೆ ಬಂಡಿ ಹೂಡುವಾಗ ಮೊದಲು ಏನು ಹೇರತೇವಿ? ನಮ್ಮ ರೊಟ್ಟಿ ಬುತ್ತಿ ಆಮೇಲೆ, ಎತ್ತಿನ ಕಣಿಕಿ ಮೊದಲು. ಎರಡು ದಿನದ ಜಾತ್ರಿಗೆ ಇಷ್ಟು ವಿಚಾರ ಮಾಡುವ ನಾವು ಬರಗಾಲಕ್ಕೆ ಯಾಕೆ ಮಾಡುವುದಿಲ್ಲ?

ನಮ್ಮ ಮನೆಯ ತಪ್ಪನ್ನೇ ಹೇಳುತ್ತೇವೆ. ಒಂದು ಚಲೋ ಸುಗ್ಗಿಯಲ್ಲಿ ಹಿತ್ತಲಲ್ಲಿ ಎರಡು ಬಣವಿ ಒಟ್ಟಿದ್ದೆವು. ಹಳೆ ಮೇವು ಯಾಕೆಂದು ಒಂದನ್ನು ಮಾರಿ ಟಿ.ವಿ. ತಂದೆವು. ಮುಂದೆ 2001ರಿಂದ ಮೂರು ವರ್ಷ ಬರ ಬಿತ್ತು. 2003ರ ಬೇಸಿಗೆಗೆ ಬಣವಿ ಕರಗಿ ಬುಡದ ಕಲ್ಲು ಕಂಡವು. ಅಪ್ಪ ಜೋಡಿಯೊಳಗಿನ ಒಂದು ಎತ್ತನ್ನು ಸಂತಿಗೆ ಹೊಡಕೊಂಡು ಹೋದರು. ಆ ರೊಕ್ಕ ಉಳಿದ ಎತ್ತಿನ ಮೇವಿಗೇ ಹೋಯಿತು. ಮಳೆ ಬಂದಾಗ ಒಂಟಿ ಎತ್ತಿನಿಂದ ಬಿತ್ತಲು ಬರುತ್ತದೆಯೆ? ಮಂದಿಯ ಎತ್ತು ಕೇಳುತ್ತ ನಿಂತೆವು, ಹದ ಹೋಯಿತು. ಮನೆಯಲ್ಲಿ ಟಿ.ವಿ. ಇತ್ತು, ಗೋದಲಿ ಅರ್ಧ ಬರಿದಾಗಿತ್ತು. ಅಪ್ಪ ಯಾರಿಗೂ ಏನೂ ಅನ್ನಲಿಲ್ಲ. ಅದೇ ನಮಗೆ ಹೆಚ್ಚು ನೋವಾಯಿತು.

ಬರ ಒಮ್ಮೆ ಬಂದು ಹೋಗುವಂಥದ್ದಲ್ಲ. 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223 ತಾಲೂಕುಗಳನ್ನು ಬರಪೀಡಿತವೆಂದು ಸರಕಾರ ಸಾರಿತು. ಇತ್ತ ಬಿಳಿಜೋಳದ ಹೊಲ ಕಡಿಮೆಯಾಗಿ ಗೋವಿನಜೋಳ, ಹತ್ತಿ, ಕಬ್ಬು ಹೆಚ್ಚಿವೆ. ಹತ್ತಿಕಟಗಿ ಒಲೆಗಾದೀತು, ದನದ ಹೊಟ್ಟೆಗಲ್ಲ.

ಲೆಕ್ಕ ಸರಳ. ದೊಡ್ಡ ದನ ಒಂದಕ್ಕೆ ದಿನಕ್ಕೆ 6 ಕಿಲೋ ಒಣಮೇವಾದರೂ ಬೇಕು. ಆರು ತಿಂಗಳಿಗೆ 1080 ಕಿಲೋ. ಜೋಡೆತ್ತು, ಒಂದು ಎಮ್ಮೆ ಇದ್ದವರಿಗೆ ಮೂರು ಟನ್ನಿಗೂ ಮೇಲೆ. ಅಷ್ಟು ಮನೆಯಲ್ಲಿಟ್ಟುಕೊಂಡು ಉಳಿದದ್ದನ್ನು ಮಾರೋಣ.

ಬಣವಿಯನ್ನು ಕಲ್ಲಿನ ಕಟ್ಟೆಯ ಮೇಲೆ ಒಟ್ಟಬೇಕು, ನೆತ್ತಿಗೆ ಇಳಿಜಾರು ಇರಬೇಕು. ಒಲೆ, ಕರೆಂಟಿನ ತಂತಿ ಹತ್ತಿರ ಬೇಡ. ಎಲ್ಲ ಒಂದೇ ಕಡೆಗೂ ಬೇಡ. ಒಂದಕ್ಕೆ ಬೆಂಕಿ ಬಿದ್ದರೆ ಇನ್ನೊಂದು ಉಳಿಯಲಿ. ಕಣಿಕಿಯನ್ನು ಕತ್ತರಿಸಿ ಹಾಕಿದರೆ ದನ ದಂಟು ಬಿಡುವುದಿಲ್ಲ. ಗೋವಿನಜೋಳವನ್ನು ಕಾಳು ಹಾಲ್ದುಂಬಿದಾಗ ಕೊಯ್ದು, ಸಣ್ಣಗೆ ಕತ್ತರಿಸಿ, ಕುಣಿಯಲ್ಲಿ ಗಾಳಿ ಉಳಿಯದಂತೆ ತುಳಿದು ಮುಚ್ಚಿದರೆ ಒಂದೂವರೆ ತಿಂಗಳಲ್ಲಿ ರಸಮೇವು ಸಿದ್ಧ. ಒಂದು ಎಚ್ಚರಿಕೆ: ಮಳೆಯಿಲ್ಲದೆ ಬಾಡಿದ ಎಳೆ ಜೋಳದ ಪೈರಿನಲ್ಲಿ ವಿಷವಿರುತ್ತದೆ. ಹಸಿವಾದ ದನವನ್ನು ಅದಕ್ಕೆ ಬಿಡಬೇಡಿರಿ.

ಕೊನೆಗೆ ಸಂಘದ ಮಾತು. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. ಒಬ್ಬನಿಂದ ಆಗದ್ದು ಹತ್ತು ಮಂದಿಯಿಂದ ಆದೀತೆಂಬುದೇ ಅದರ ತಿರುಳು. ನಮ್ಮ ಸಂಘ 25 ವರ್ಷ ರೊಕ್ಕದ ಠೇವಣಿ ಇಟ್ಟುಕೊಂಡಿತು. ಇನ್ನು ಮೇವಿನ ಠೇವಣಿಯನ್ನೂ ಇಟ್ಟುಕೊಳ್ಳಲಿ ಎಂಬುದು ನಮ್ಮ ಸೂಚನೆ. ಸುಗ್ಗಿಯಲ್ಲಿ ಪ್ರತಿ ಸದಸ್ಯರು ಹತ್ತು ಸೂಡು ಕಣಿಕಿ ಕೊಡಲಿ, ಪುಸ್ತಕದಲ್ಲಿ ಬರೆಯೋಣ, ಅಡಚಣೆಯಲ್ಲಿ ಹಂಚೋಣ. ಹೊಲವಿಲ್ಲದೆ ಒಂದೇ ಎಮ್ಮೆ ಕಟ್ಟಿಕೊಂಡ ತಾಯಂದಿರಿಗೆ ಮೊದಲ ಪಾಳಿ ಇರಲಿ. ಮಳೆ ತಪ್ಪದಿದ್ದರೆ ಹಳೆಯದನ್ನು ತೆಗೆದು ಹೊಸದು ಒಟ್ಟೋಣ.

ಇದನ್ನು ಮುಂದಿನ ಸರ್ವಸಾಧಾರಣ ಸಭೆಯಲ್ಲಿ ಠರಾವು ಮಾಡಬೇಕೆಂದು ಕೈಮುಗಿದು ಕೇಳುತ್ತೇವೆ. ನಮ್ಮ ಮೊದಲ ಹತ್ತು ಸೂಡು ಈಗಲೇ ಬರೆದುಕೊಳ್ಳಿರಿ. ದನಕ್ಕೆ ಬಾಯಿಲ್ಲ, ಅದರ ಪರವಾಗಿ ನಾವು ಕೇಳಿದ್ದೇವೆ.

ಜೈ ಸಹಕಾರ.