‘ವಿದಾಯ’ದ ವಾಲ್ಟ್ಸ್

ಪಿಯಾನೋ ಸಂಗೀತ ಕೇಳುವ ಅಭ್ಯಾಸವಿರುವವರಿಗೆ ಶೋಪಾನನ ಎ-ಫ್ಲ್ಯಾಟ್ ಮೇಜರ್ ವಾಲ್ಟ್ಸ್ ಅಪರಿಚಿತವಲ್ಲ. ವಾಲ್ಟ್ಸ್ ಎಂಬುದು ಜೋಡಿಜೋಡಿಯಾಗಿ ಸುತ್ತುತ್ತ ಕುಣಿಯುವ ನೃತ್ಯ. ಅದರ ನಡೆ ಮೂರೆಣಿಕೆಯದು. ಮೊದಲನೆಯ ಎಣಿಕೆಗೆ ಒತ್ತು. ಆದರೆ ಈ ವಾಲ್ಟ್ಸ್ ಕಿವಿಗೆ ಬಿದ್ದಾಗ ಯಾರಿಗೂ ಕುಣಿಯಬೇಕೆನ್ನಿಸದು. ಅದರ ಧಾಟಿ ಅರ್ಧ ಅರ್ಧ ಸ್ವರವಾಗಿ, ಒಲ್ಲದ ಮನಸ್ಸಿನಿಂದೆಂಬಂತೆ, ಕೆಳಗಿಳಿಯುತ್ತದೆ. ರಸಿಕರು ಇದನ್ನು ‘ವಿದಾಯ’ವೆಂದು ಕರೆದಿದ್ದಾರೆ. ಆ ಹೆಸರು ಶೋಪಾನ್ ಇಟ್ಟದ್ದಲ್ಲ.

೧೮೩೫ರಲ್ಲಿ ಶೋಪಾನನಿಗೆ ಇಪ್ಪತ್ತೈದು ವರ್ಷ, ವಾಸ ಪ್ಯಾರಿಸ್ಸಿನಲ್ಲಿ. ಆ ವರ್ಷ ಅವನು ಕಾರ್ಲ್ಸ್‌ಬಾಡಿಗೆ ಹೋಗಿ ಪೋಲೆಂಡಿನಿಂದ ಬಂದಿದ್ದ ತಂದೆತಾಯಿಗಳನ್ನು ಕಂಡನು. ಮತ್ತೆ ಅವರನ್ನು ಕಾಣುವ ಯೋಗ ಅವನಿಗಿರಲಿಲ್ಲ. ಹಿಂದಿರುಗುವ ದಾರಿಯಲ್ಲಿ ಡ್ರೆಸ್ಡೆನ್ ನಗರದಲ್ಲಿ ವೊಡ್ಜಿನ್‌ಸ್ಕಿ ಮನೆತನದವರ ಜೊತೆ ಕೆಲವು ದಿನ ಕಳೆದನು. ಆ ಮನೆಯ ಹುಡುಗರು ಹಿಂದೆ ವಾರ್ಸಾದಲ್ಲಿ ಶೋಪಾನನ ಮನೆಯಲ್ಲೇ ಇದ್ದು ಓದಿದವರು. ಅವರ ತಂಗಿ ಮರಿಯಾಳಿಗೆ ಆಗ ಹದಿನಾರು ವರ್ಷ. ಸೆಪ್ಟೆಂಬರಿನಲ್ಲಿ ಈ ವಾಲ್ಟ್ಸನ್ನು ಬರೆದು ಶೋಪಾನ್ ಅವಳ ಕೈಗಿತ್ತನು.

ಮರುವರ್ಷ ಮದುವೆಯ ಮಾತಾಯಿತು, ೧೮೩೭ರಲ್ಲಿ ಮುರಿಯಿತು. ಆ ಮನೆಯಿಂದ ಬಂದಿದ್ದ ಕಾಗದಗಳನ್ನು ಅವನು ಒಟ್ಟಿಗೆ ಕಟ್ಟಿ, ಮೇಲೆ ‘ನನ್ನ ದುಃಖ’ ಎಂದು ಪೋಲಿಷ್ ಭಾಷೆಯಲ್ಲಿ ಬರೆದಿಟ್ಟಿದ್ದನು. ಈ ಕಥೆಯೇ ಮುಂದೆ ವಾಲ್ಟ್ಸಿಗೂ ಅಂಟಿಕೊಂಡಿತು. ಆದರೆ ಕಾಲಕ್ರಮವನ್ನು ಗಮನಿಸಬೇಕು: ಸ್ವರಗಳು ಹುಟ್ಟಿದ್ದು ಮೊದಲು, ದುಃಖ ಬಂದದ್ದು ಆಮೇಲೆ.

ಇನ್ನೊಂದು ವಿಷಯ. ಇದೇ ವಾಲ್ಟ್ಸನ್ನು ಅವನು ೧೮೩೭ರಲ್ಲಿ ಪೆರೂಜಿ ಎಂಬಾಕೆಗೂ, ೧೮೪೨ರಲ್ಲಿ ಶಾರ್ಲೊಟ್ ರಾಥ್‌ಶೀಲ್ಡ್ ಎಂಬಾಕೆಗೂ ತನ್ನ ಕೈಯಾರೆ ಬರೆದುಕೊಟ್ಟನು. ಮೂರು ಬರಹಗಳೂ ಒಂದೇ ಪಡಿಯಚ್ಚಲ್ಲ. ಅಲ್ಲಲ್ಲಿ ಸಣ್ಣ ಸಣ್ಣ ವ್ಯತ್ಯಾಸಗಳಿವೆ. ಅಚ್ಚಿಗೆ ಮಾತ್ರ ಅವನು ಇದನ್ನು ಎಂದೂ ಕೊಡಲಿಲ್ಲ.

೧೮೪೯ರ ಅಕ್ಟೋಬರ್ ೧೭ರಂದು ಶೋಪಾನ್ ತೀರಿಕೊಂಡನು. ಅಚ್ಚಾಗದ ಬರಹಗಳನ್ನು ಸುಟ್ಟುಬಿಡಿ ಎಂಬುದು ಅವನ ಕಡೆಯ ಕೋರಿಕೆಗಳಲ್ಲೊಂದು. ಅವನ ಬಾಲ್ಯದ ಗೆಳೆಯ, ಎಷ್ಟೋ ಕೃತಿಗಳನ್ನು ಅವನಿಗಾಗಿ ನಕಲು ಮಾಡಿಕೊಟ್ಟಿದ್ದ ಜೂಲಿಯನ್ ಫೊಂಟಾನಾ ಹಾಗೆ ಮಾಡಲಿಲ್ಲ. ಮನೆಯವರ ಒಪ್ಪಿಗೆ ಪಡೆದು, ಉಳಿದ ಕೃತಿಗಳಲ್ಲಿ ಹಲವನ್ನು ೧೮೫೫ರಲ್ಲಿ ಪ್ರಕಟಿಸಿದನು. ಅವುಗಳಲ್ಲಿ ಈ ವಾಲ್ಟ್ಸೂ ಒಂದು. ಅದಕ್ಕೆ ೬೯ ಎಂಬ ಕೃತಿಸಂಖ್ಯೆ ದೊರೆತದ್ದು ಆಗಲೇ. ಸಂಖ್ಯೆಯನ್ನು ನೋಡಿ ಇದು ಅವನ ಕೊನೆಗಾಲದ ರಚನೆಯೆಂದು ಎಣಿಸುವವರು ಮೋಸಹೋಗುತ್ತಾರೆ.

ಫೊಂಟಾನಾ ಅಚ್ಚು ಹಾಕಿಸಿದ ಪಾಠ ಶೋಪಾನನ ಕೈಬರಹಗಳಿಗೆ ಪೂರ್ತಿಯಾಗಿ ಹೊಂದುವುದಿಲ್ಲ. ಆದರೂ ಬಹುಕಾಲ ಲೋಕಕ್ಕೆ ತಿಳಿದದ್ದು ಅದೊಂದೇ. ಈಚಿನ ಸಂಪಾದಕರು ಕೈಬರಹದ ಪಾಠವನ್ನೂ ಫೊಂಟಾನಾನ ಪಾಠವನ್ನೂ ಬೇರೆಬೇರೆಯಾಗಿ ಮುದ್ರಿಸುತ್ತಾರೆ. ನಮ್ಮ ಕೀರ್ತನೆಗಳಲ್ಲಿ ಪಾಠಾಂತರಗಳನ್ನು ಕೇಳಿ ಬಲ್ಲ ನಮಗೆ ಇದು ಸೋಜಿಗವೇನಲ್ಲ.

ಹಾಗಾದರೆ ಫೊಂಟಾನಾ ಮಾಡಿದ್ದು ಸರಿಯೆ? ಗೆಳೆಯನ ಮಾತನ್ನು ಅವನು ಮೀರಿದ್ದು ನಿಜ. ಮೀರದಿದ್ದರೆ, ಮೂವರು ಹೆಂಗಸರ ಬಳಿಯಿದ್ದ ಹಾಳೆಗಳ ಗತಿಯೇ ಈ ವಾಲ್ಟ್ಸಿನ ಗತಿಯಾಗುತ್ತಿತ್ತು. ಆ ಹಾಳೆಗಳನ್ನು ಯಾರು ಹುಡುಕುತ್ತಿದ್ದರೋ! ಮುಂದೆ ಇಬ್ಬರು ಕಲಾವಿದರು ಇದನ್ನು ತುಸು ಬೇರೆಬೇರೆಯಾಗಿ ನುಡಿಸುವುದು ಕೇಳಿಬಂದರೆ, ಒಬ್ಬರು ತಪ್ಪಿದರೆಂದು ಅವಸರಪಡದಿರೋಣ. ಶೋಪಾನನೇ ಇದನ್ನು ಪ್ರತಿಸಲವೂ ಒಂದೇ ರೀತಿಯಾಗಿ ಬರೆಯಲಿಲ್ಲ.