ಹೊಸದಾಗಿ ಕಟ್ಟಿದ ಇಂಜಿನಿಗೆ ಯಾವ ಎಣ್ಣೆ?

(ಸಂಘದ ಭಾನುವಾರದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಸಂಬಳ, ರಜೆ, ಪ್ರಾವಿಡೆಂಟ್ ಫಂಡು ಇವನ್ನು ಬಿಟ್ಟು ಈ ವೇದಿಕೆಯಿಂದ ನಾನು ಬೇರೆ ಮಾತನಾಡಿದ್ದು ಕಡಿಮೆ. ಇಂದು ಎಣ್ಣೆಯ ವಿಷಯ ಮಾತಾಡುತ್ತೇನೆಂದಾಗ, "ಯಾವ ಎಣ್ಣೆ, ಶೇಂಗಾದ್ದೋ ಕೊಬ್ಬರಿಯದೋ?" ಎಂದು ಅಡಿಗೆಮನೆಯ ಗೆಳೆಯರು ನಕ್ಕರು. ನಗಲಿ. ಆದರೆ ಕಳೆದ ಮಳೆಗಾಲದಿಂದೀಚೆಗೆ ನಮ್ಮ ಸದಸ್ಯರು ಮೂವರು ಮೋಟಾರ್ ಸೈಕಲಿನ ಇಂಜಿನ್ ಕಟ್ಟಿಸಲು ಸಂಘದಿಂದ ಕೈಸಾಲ ಪಡೆದರು. ಅವರಲ್ಲಿ ಇಬ್ಬರು ಮೂರೇ ತಿಂಗಳಲ್ಲಿ ಅದೇ ಕೆಲಸಕ್ಕೆ ಮತ್ತೆ ಸಾಲ ಕೇಳಲು ಬಂದರು. ಬೆಳಗಿನ ಜಾವ ಇಡ್ಲಿ ಹಿಟ್ಟು, ಹಾಲು, ಸೊಪ್ಪು ಸಾಗಿಸುವವನಿಗೆ ಗಾಡಿ ನಿಂತರೆ ಅಂದಿನ ಕೂಲಿಯೂ ನಿಂತಿತು. ಆದುದರಿಂದ ಇದು ನಗೆಯ ಮಾತಲ್ಲ.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಹದಿಮೂರನೆಯ ವಯಸ್ಸಿಗೆ ಕಪ್ಪು-ಬಸಿ ತೊಳೆಯಲು ಈ ಊರಿಗೆ ಬಂದವನು ನಾನು. ರಾತ್ರಿ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದ್ದೇನೆ. ಇಂಜಿನಿಯರನಲ್ಲ. ಸಂಘದ ಕೆಲಸಕ್ಕೆ ಓಡಾಡಲು ಒಂದು ಹಳೆಯ ನೂರು ಸಿ.ಸಿ. ಗಾಡಿ ಕೊಂಡೆ. ಹೊಗೆ ಕಾರುತ್ತಿತ್ತು. ಬ್ಲಾಕ್ ಬೋರಿಂಗ್ ಮಾಡಿಸಿ, ಹೊಸ ಪಿಸ್ಟನ್, ಹೊಸ ರಿಂಗು ಹಾಕಿಸಿದೆ. ಇಷ್ಟು ಖರ್ಚು ಮಾಡಿದ ಮೇಲೆ ಎಣ್ಣೆಗೆ ಜಿಪುಣತನ ಏಕೆಂದು ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದುಬಾರಿ ಸಿಂಥೆಟಿಕ್ ಡಬ್ಬ ತಂದು ಸುರಿದೆ. ಬಾಣಂತಿಯನ್ನು ನಡೆಸಿದ ಹಾಗೆ ಮೆಲ್ಲಗೆ ಓಡಿಸಿದೆ. ಎರಡು ತಿಂಗಳಾದರೂ ನೀಲಿ ಹೊಗೆ ಹೋಗಲಿಲ್ಲ, ಎಣ್ಣೆ ಮಾತ್ರ ಹೋಗುತ್ತಲೇ ಇತ್ತು. ಮತ್ತೆ ಬಿಚ್ಚಿದಾಗ ಸಿಲಿಂಡರಿನ ಒಳಗೋಡೆ ಸ್ಟೀಲಿನ ಲೋಟದಂತೆ ಹೊಳೆಯುತ್ತಿತ್ತು. ಅದು ಹೊಳೆಯಬಾರದಿತ್ತು.

ಏಕೆ ಹೊಳೆಯಬಾರದು? ಬೋರ್ ಮಾಡಿದ ಮೇಲೆ ಒಳಗೋಡೆಗೆ ಕಲ್ಲಿನಿಂದ ಅಡ್ಡಡ್ಡ ಗೀರು ಹಾಕುತ್ತಾರೆ. ಇದಕ್ಕೆ ಹೋನಿಂಗ್ ಎನ್ನುತ್ತಾರೆ. ಗೀರಿನ ತಗ್ಗಿನಲ್ಲಿ ಎಣ್ಣೆ ನಿಲ್ಲಬೇಕು, ಗೀರಿನ ದಿಬ್ಬವನ್ನು ಹೊಸ ರಿಂಗು ಸ್ವಲ್ಪ ಸವೆಸಿ ತನ್ನ ಜಾಗ ಮಾಡಿಕೊಳ್ಳಬೇಕು. ರಿಂಗೂ ಗೋಡೆಯೂ ಒಂದಕ್ಕೊಂದು ಒಗ್ಗಿಕೊಳ್ಳುವ ಈ ಕಾಲವನ್ನೇ ರನ್ನಿಂಗ್-ಇನ್ ಎನ್ನುವುದು. ಹೊಸ ಕಾವಲಿಯನ್ನು ಪಳಗಿಸದೆ ದೋಸೆ ಹೊಯ್ದರೆ ಏಳುವುದಿಲ್ಲವೆಂದು ಭಟ್ಟರಿಗೆ ಹೇಳಿಕೊಡಬೇಕೆ? ಆದರೆ ಒಂದು ವ್ಯತ್ಯಾಸವುಂಟು: ಕಾವಲಿಯ ಮೇಲೆ ಎಣ್ಣೆ ಪದರ ಕಟ್ಟಬೇಕು, ಸಿಲಿಂಡರಿನಲ್ಲಿ ಸುಟ್ಟ ಎಣ್ಣೆ ಪದರ ಕಟ್ಟಬಾರದು. ರಿಂಗು ಕೂರುವ ಮೊದಲೇ ಗೋಡೆ ನುಣುಪಾದರೆ ಮತ್ತೆ ರಿಂಗು ಕೂರುವುದೇ ಇಲ್ಲ. ಇದನ್ನು ಮಿಸ್ತ್ರಿಗಳು ಗ್ಲೇಜ್ ಆಯಿತು ಎನ್ನುತ್ತಾರೆ.

ಆದುದರಿಂದ ಈ ಮೊದಲ ಕೆಲವು ನೂರು ಕಿಲೋಮೀಟರಿಗೆ ತೀರ ಜಾರುವ ಎಣ್ಣೆ ಬೇಡ, ಸಾದಾ ಮಿನರಲ್ ಎಣ್ಣೆ ಸಾಕು. ಬೆಲೆಯೂ ಕಡಿಮೆ. ಕೆಲವು ಹೊಸ ಗಾಡಿಗಳು ಕಾರ್ಖಾನೆಯಿಂದಲೇ ಸಿಂಥೆಟಿಕ್ ಎಣ್ಣೆ ತುಂಬಿಕೊಂಡು ಬರುತ್ತವಲ್ಲ ಎಂದು ಯಾರಾದರೂ ಕೇಳಬಹುದು. ನಿಜ. ಅಲ್ಲಿ ಗೋಡೆಯ ದಿಬ್ಬಗಳನ್ನು ಯಂತ್ರದಲ್ಲೇ ಸಮ ಮಾಡಿ ಕಳಿಸುತ್ತಾರೆ. ನಮ್ಮ ಕುರ್ಲಾದ ಗಲ್ಲಿಯಲ್ಲಿ ಆ ಸೌಕರ್ಯವಿಲ್ಲ.

ಇನ್ನು ಡಬ್ಬದ ಮೇಲಿನ ಅಕ್ಷರಗಳು. 20ಡಬ್ಲ್ಯು-50, 10ಡಬ್ಲ್ಯು-30 ಎಂದು ಬರೆದಿರುತ್ತದೆ. ಡಬ್ಲ್ಯು ಎಂದರೆ ಚಳಿಗಾಲ. ಮೊದಲ ಅಂಕೆ ಎಣ್ಣೆಯು ಚಳಿಯಲ್ಲಿ ಎಷ್ಟು ಸಲೀಸಾಗಿ ಹರಿಯುವುದೆಂದು ಹೇಳುತ್ತದೆ. ಎರಡನೆಯದು ನೂರು ಡಿಗ್ರಿ ಶಾಖದಲ್ಲಿ ಎಷ್ಟು ಮಂದವಾಗಿ ಉಳಿಯುವುದೆಂದು. ಮುಂಬಯಿಯಲ್ಲಿ ಪಾದರಸ ಹತ್ತು ಡಿಗ್ರಿಗಿಂತ ಕೆಳಗಿಳಿಯುವುದು ಅಪರೂಪ, ಆದುದರಿಂದ ನಮಗೆ ಎರಡನೆಯ ಅಂಕೆಯೇ ಮುಖ್ಯ. ಹಾಗೆಂದು ಮಂದವಾದಷ್ಟೂ ಒಳ್ಳೆಯದೆಂದು ತಿಳಿಯಬೇಡಿ. ಚಿಕ್ಕ ಸಂದುಗಳಿಟ್ಟು ಕಟ್ಟಿದ ಇಂಜಿನಿಗೆ 10ಡಬ್ಲ್ಯು-30 ಹೇಳಿದ್ದರೆ ಅದನ್ನೇ ಹಾಕಿ. ಎರಕದ ಕಬ್ಬಿಣದ ಹಳೆಯ ಬುಲೆಟ್ಟಿಗೆ 20ಡಬ್ಲ್ಯು-50 ಸರಿ. ಕಂಪನಿಯ ಪುಸ್ತಕದಲ್ಲಿ ಬರೆದ ಅಂಕೆಯನ್ನು ಅಂಗಡಿಯವನ ಮಾತಿಗಾಗಿ ಬಿಡಬಾರದು.

ಇನ್ನೊಂದು ಗುರುತು ಜಾಸೋ ಎಂಎ. ಇದನ್ನು ದಯವಿಟ್ಟು ನೆನಪಿಡಿ. ನಾವು ಓಡಿಸುವ ಹೆಚ್ಚಿನ ನಾಲ್ಕು ಸ್ಟ್ರೋಕಿನ ಬೈಕುಗಳಲ್ಲಿ ಇಂಜಿನ್, ಗೇರು, ಕ್ಲಚ್ಚು ಮೂರೂ ಒಂದೇ ಎಣ್ಣೆಯಲ್ಲಿ ಮುಳುಗಿರುತ್ತವೆ. ಕಾರಿನ ಕೆಲವು ಎಣ್ಣೆಗಳಲ್ಲಿ ಪೆಟ್ರೋಲು ಉಳಿಸಲೆಂದು ಜಾರಿಕೆಯ ಮದ್ದು ಬೆರೆಸಿರುತ್ತಾರೆ. ಡಬ್ಬದ ಹಿಂದೆ 'ಎನರ್ಜಿ ಕನ್ಸರ್ವಿಂಗ್' ಅಥವಾ 'ರಿಸೋರ್ಸ್ ಕನ್ಸರ್ವಿಂಗ್' ಎಂದಿರುತ್ತದೆ. ಅದನ್ನು ಬೈಕಿಗೆ ಹಾಕಿದರೆ ಕ್ಲಚ್ಚು ಜಾರಬಹುದು, ರಿಂಗೂ ಕೂರಲು ತಡವಾದೀತು. ಹಳೆಯ ಬುಲೆಟ್ಟಿನಲ್ಲಿ ಗೇರುಪೆಟ್ಟಿಗೆಯೂ ಕ್ಲಚ್ಚೂ ಬೇರೆ ಬೇರೆ ಇದ್ದುದರಿಂದ ಆ ಭಯ ಕಡಿಮೆ. ಇಂಜಿನಿಗೆ ಕರಿ ಮದ್ದು, ಮಾಲಿಬ್ಡಿನಂ ಎಂದು ಚಿಕ್ಕ ಬಾಟಲಿ ಮಾರಲು ಬರುವವರಿಗೆ ರನ್ನಿಂಗ್-ಇನ್ ಮುಗಿಯುವ ತನಕ ಕೈಮುಗಿದು ಕಳಿಸಿ.

ಲಾರಿಯ ಡೀಸೆಲ್ ಎಣ್ಣೆಯೇ ಒಳ್ಳೆಯದೆಂದು ವಾದಿಸುವ ಹಿರಿಯ ಮಿಸ್ತ್ರಿಗಳುಂಟು. ಅವರ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಕ್ಯಾಮ್ ಮತ್ತು ಟ್ಯಾಪೆಟ್ಟು ಸವೆಯದಂತೆ ಕಾಯುವ ಸತು-ರಂಜಕದ ಮದ್ದು ಆ ಎಣ್ಣೆಗಳಲ್ಲಿ ಚೆನ್ನಾಗಿತ್ತು. ಕಾರಿನ ಹೊಗೆಕೊಳವೆಯ ಶುದ್ಧಿ ಯಂತ್ರ ಕೆಡದಿರಲೆಂದು ಪೆಟ್ರೋಲ್ ಕಾರಿನ ಹೊಸ ಎಣ್ಣೆಗಳಲ್ಲಿ ಅದನ್ನು ಇಳಿಸಿದರು. ಜರ್ಮನಿಯ ಹಳೆಯ ಬೀಟಲ್ ಕಾರಿನವರು, ಅದೂ ಗಾಳಿಯಿಂದಲೇ ತಣಿಯುವ ಇಂಜಿನು, ಇದೇ ಕಾರಣಕ್ಕೆ ಲಾರಿ ಎಣ್ಣೆ ಹುಡುಕಿದರು. ಆದರೆ ನಮ್ಮ ಬೈಕಿಗೆ ಜಾಸೋ ಎಂಎ ಗುರುತಿನ ಮಿನರಲ್ ಎಣ್ಣೆ ಮೂಲೆಯಂಗಡಿಯಲ್ಲೇ ಸಿಗುವಾಗ ಈ ಸಾಹಸವೇಕೆ?

ಎರಡು ಸ್ಟ್ರೋಕಿನ ಗಾಡಿಗಳು ಈಗ ಕೆಲವರ ಮನೆಯಲ್ಲಿ ಮಾತ್ರ ಉಳಿದಿವೆ. ಇದೇ ಮುಂಬಯಿಯಲ್ಲಿ ಜೋಡಣೆಯಾಗುತ್ತಿದ್ದ ಲ್ಯಾಂಬ್ರೆಟಾ, ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚುವ ತನಕ ತಯಾರಿಸಿದ ಯೆಜ್ಡಿ, ಹಳೆಯ ಚೇತಕ್. ಆ ಯೆಜ್ಡಿಯ ಸದ್ದು ಕೇಳಿದರೆ ಊರಿನ ನೆನಪಾಗುವವರು ಇಲ್ಲಿ ಕಡಿಮೆಯಿಲ್ಲ. ಇವುಗಳಿಗೆ ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸಬೇಕು. ಅದಕ್ಕೆಂದೇ ಇರುವ 2ಟಿ ಎಣ್ಣೆ ಹಾಕಿ. ನಾಲ್ಕು ಸ್ಟ್ರೋಕಿನ ಎಣ್ಣೆ ಸುಟ್ಟು ಬೂದಿ ಬಿಟ್ಟು ಪ್ಲಗ್ಗು ಕೆಡಿಸುತ್ತದೆ. ರನ್ನಿಂಗ್-ಇನ್ನಿನಲ್ಲಿ ಎಣ್ಣೆಯ ಪಾಲು ಸ್ವಲ್ಪ ಹೆಚ್ಚಿರಬೇಕೆನ್ನುವುದು ಸರಿ. ಆದರೆ ಭಯದಿಂದ ಇಮ್ಮಡಿ ಮುಮ್ಮಡಿ ಸುರಿಯಬೇಡಿ. ಎಣ್ಣೆ ಹೆಚ್ಚಾದಷ್ಟು ಪೆಟ್ರೋಲಿನ ಪಾಲು ತಗ್ಗಿ ಇಂಜಿನ್ ಇನ್ನಷ್ಟು ಕಾಯುತ್ತದೆ.

ಕಾಯುವ ಮಾತು ಬಂತು. ನಮ್ಮ ಗಾಡಿಗಳಿಗೆ ನೀರಿನ ರೇಡಿಯೇಟರ್ ಇಲ್ಲ. ಬ್ಲಾಕಿನ ರೆಕ್ಕೆಗಳ ನಡುವೆ ಗಾಳಿ ಹಾಯ್ದರೆ ಮಾತ್ರ ತಣಿವು. ಹೊಸ ರಿಂಗಿನ ಉಜ್ಜಾಟದಿಂದ ಮೊದಲೇ ಶಾಖ ಹೆಚ್ಚು. ಅಂಥದರಲ್ಲಿ ಸಂಜೆ ಆರು ಗಂಟೆಗೆ ಸಾಕಿನಾಕಾದ ಸಿಗ್ನಲಿನಲ್ಲಿ ನಿಂತು ಇಂಜಿನ್ ಗುರುಗುಟ್ಟಿಸಿದರೆ ಯಾವ ಎಣ್ಣೆಯೂ ಕಾಪಾಡಲಾರದು. ಪಿಸ್ಟನ್ ಹಿಗ್ಗಿ ಗೋಡೆಗೆ ಕಚ್ಚುತ್ತದೆ, ಗಾಡಿ ಸೀಜ್. ಅದಕ್ಕೇ ನಾನು ಎರಡನೆಯ ಸಲ ಭಾನುವಾರ ಬೆಳಗಿನ ಐದು ಗಂಟೆಗೆ ಘಾಟ್‌ಕೋಪರದಿಂದ ಠಾಣೆಯ ಕಡೆ ಹೈವೇ ಹಿಡಿದೆ. ಅರ್ಧ ಥ್ರಾಟಲ್ ಕೊಟ್ಟು ವೇಗ ಏರಿಸುವುದು, ಬಿಟ್ಟು ಇಳಿಸುವುದು, ಮತ್ತೆ ಏರಿಸುವುದು. ಏರಿಸುವಾಗ ಸಿಡಿದ ಅನಿಲ ರಿಂಗಿನ ಹಿಂದೆ ಹೊಕ್ಕು ಅದನ್ನು ಗೋಡೆಗೆ ಒತ್ತುತ್ತದೆ. ಈ ಒತ್ತಡವಿಲ್ಲದ್ದರಿಂದಲೇ ನನ್ನ ಬಾಣಂತಿ ನಡಿಗೆ ಕೆಟ್ಟದ್ದು. ಒಂದೇ ವೇಗದಲ್ಲಿ ಬಹಳ ಹೊತ್ತು ಬೇಡ, ಪೂರ್ತಿ ಥ್ರಾಟಲೂ ಬೇಡ, ಹಿಂದೆ ಹಿಟ್ಟಿನ ಡಬ್ಬವೂ ಬೇಡ. ಈ ಕಡೆಯ ಮಾತಿಗೆ ಮಾಲಿಕರು ಒಪ್ಪುವುದಿಲ್ಲವೆಂದು ನನಗೆ ಗೊತ್ತು. ಒಂದು ವಾರ ಹಗುರ ಕೆಲಸ ಕೇಳಿ ಪಡೆಯಿರಿ, ಅಗತ್ಯವಿದ್ದರೆ ನಾವು ಬಂದು ಮಾತಾಡುತ್ತೇವೆ.

ಎಲ್ಲಕ್ಕಿಂತ ಹೆಚ್ಚು ಜನ ತಪ್ಪುವುದು ಎಣ್ಣೆ ಬದಲಿಸುವುದರಲ್ಲಿ. ಮೊದಲ ಎಣ್ಣೆಯ ಆಯುಸ್ಸು ಚಿಕ್ಕದು. ಸವೆದ ಲೋಹದ ಪುಡಿಯೆಲ್ಲ ಅದರಲ್ಲೇ ಸೇರುತ್ತದೆ. ನಾನು ಐವತ್ತು ಕಿಲೋಮೀಟರಿಗೆ ಒಮ್ಮೆ, ಐನೂರಕ್ಕೆ ಇನ್ನೊಮ್ಮೆ ಬಿಸಿಯಿದ್ದಾಗಲೇ ಇಳಿಸಿ, ಜಾಲರಿ ತೊಳೆದು ಹೊಸದು ತುಂಬಿದೆ. ನನ್ನ ಗಾಡಿಗೆ ಪ್ರತಿ ಸಲ ಲೀಟರಿಗೂ ಕಡಿಮೆ ಸಾಕು. ದುಬಾರಿ ಡಬ್ಬ ಒಂದರ ಬದಲು ಸಾದಾ ಡಬ್ಬ ಎರಡು ಎಂಬುದು ನನ್ನ ಲೆಕ್ಕ. ಹೊಗೆ ನಿಂತು, ಎಣ್ಣೆಯ ಮಟ್ಟ ಇಳಿಯದೆ ನಿಂತ ಮೇಲೆ ಸಿಂಥೆಟಿಕ್ ಬೇಕಾದವರು ಹಾಕಿಕೊಳ್ಳಲಿ, ನನ್ನ ಅಡ್ಡಿಯಿಲ್ಲ. ಕೊಳ್ಳುವಾಗ ಮುಚ್ಚಳದ ಸೀಲು ನೋಡಿ. ಖಾಲಿ ಡಬ್ಬವನ್ನು ತೂತು ಮಾಡಿ ಎಸೆಯಿರಿ, ಇಲ್ಲವಾದರೆ ಅದೇ ಡಬ್ಬದಲ್ಲಿ ಕೊಳಕು ಎಣ್ಣೆ ತುಂಬಿ ನಿಮ್ಮ ಗೆಳೆಯನಿಗೇ ಮಾರುವವರಿದ್ದಾರೆ.

ಇಲ್ಲಿ ಎರಡು ಸೀಸೆ ತಂದಿದ್ದೇನೆ. ಎಡಗೈಯದು ಐವತ್ತು ಕಿಲೋಮೀಟರಿಗೆ ಇಳಿಸಿದ ಎಣ್ಣೆ. ಬೆಳಕಿಗೆ ಹಿಡಿದರೆ ಜರಿಯಂತೆ ಮಿನುಗುವುದು ಕಾಣುತ್ತದೆ. ಬಲಗೈಯದು ಐನೂರರದು. ಕಪ್ಪಾಗಿದೆ, ಆದರೆ ಮಿನುಗು ಕಡಿಮೆ. ಗಿರಣಿಯಲ್ಲಿ ಯಂತ್ರಗಳಿಗೆ ಎಣ್ಣೆ ಬಿಟ್ಟ ಹಿರಿಯರು ಎದುರಿಗೇ ಕುಳಿತಿದ್ದಾರೆ, ಅವರು ಮೊದಲು ನೋಡಲಿ. ಕೈಯಿಂದ ಕೈಗೆ ಸಾಗಿಸಿ, ಜಮಖಾನೆಯ ಮೇಲೆ ಚೆಲ್ಲಬೇಡಿ. ನೋಡಿಯಾದ ಮೇಲೆ ಮೋರಿಗೆ ಸುರಿಯದೆ ನನಗೇ ಹಿಂದಕ್ಕೆ ಕೊಡಿ, ಹಳೆ ಎಣ್ಣೆ ಕೊಳ್ಳುವವನು ಬುಧವಾರ ಬರುತ್ತಾನೆ.